ರೇಡ್ 50: ಒಳಗಿನ ಒಂದು ಗುಂಪಿನಲ್ಲಿ ಎರಡು ಡಿಸ್ಕ್ ಹೊರಗೆ, ಮೇಲಿನ ಅರೇ ಕಾಣಿಸ್ತಾ ಇಲ್ಲ

ಶರಾವತಿ ದಂಡೆ:
ಎಲ್ಲರಿಗೂ ನಮಸ್ಕಾರ. ಹೊನ್ನಾವರದಲ್ಲಿ ಗೆಳೆಯನದ್ದು ಒಂದು ವಿಡಿಯೋ ಸ್ಟುಡಿಯೋ ಇದೆ. ಮದುವೆ, ಉಪನಯನಗಳ ಜೊತೆಗೆ ಸುತ್ತಮುತ್ತಲಿನ ಯಕ್ಷಗಾನವನ್ನೂ ಇಡೀ ರಾತ್ರಿ ಕೂತು ರೆಕಾರ್ಡ್ ಮಾಡುತ್ತಾನೆ. ಎಲ್ಲಾ ಒಂದೇ ಸರ್ವರ್‌ನಲ್ಲಿದೆ. ಅದನ್ನು ಕಟ್ಟಿಕೊಟ್ಟವರು ಈಗ ಊರಲ್ಲಿಲ್ಲ, ಫೋನಿಗೂ ಸಿಗುತ್ತಿಲ್ಲ.

4 ಟಿಬಿಯ ಆರು ಡಿಸ್ಕ್, ಡೆಬಿಯನ್. ಹಲವು ಡಿಸ್ಕ್ ಸೇರಿಸಿ ಒಂದೇ ಡಿಸ್ಕಿನಂತೆ ಬಳಸುವುದಕ್ಕೆ (ರೇಡ್) ಬೇರೆ ಕಾರ್ಡ್ ಇಲ್ಲ, ಎಲ್ಲಾ ಲಿನಕ್ಸ್‌ನ ಎಂಡಿಆಡಮ್ ಎಂಬ ತಂತ್ರಾಂಶದಲ್ಲಿ ಮಾಡಿದ್ದು. ಎಸ್‌ಡಿಎ, ಬಿ, ಸಿ ಡಿಸ್ಕ್ ಸೇರಿ ಎಂಡಿ1 ಎಂಬ ಅರೇ (ಡಿಸ್ಕ್ ಗುಂಪು). ಎಸ್‌ಡಿಡಿ, ಇ, ಎಫ್ ಸೇರಿ ಎಂಡಿ2. ಎರಡೂ ರೇಡ್ 5, ಅಂದರೆ ಗುಂಪಿನಲ್ಲಿ ಒಂದು ಡಿಸ್ಕ್ ಹೋದರೂ ಡೇಟಾ ಉಳಿಯುತ್ತದೆ. ಇವೆರಡರ ಮೇಲೆ ಎಂಡಿ0, ರೇಡ್ 0. ಅದು ಡೇಟಾವನ್ನು ಎರಡಕ್ಕೂ ಹಂಚುತ್ತದೆ ಅಷ್ಟೇ. ಈ ಜೋಡಣೆಗೇ ರೇಡ್ 50 ಎನ್ನುವುದು. ಎಂಡಿ0 ಮೇಲೆ ಇಎಕ್ಸ್‌ಟಿ4 ಫೈಲ್‌ಸಿಸ್ಟಮ್. ಸಿಸ್ಟಮ್ ಬೇರೆ ಎಸ್‌ಎಸ್‌ಡಿಯಲ್ಲಿದೆ, ಅದಕ್ಕೇನೂ ಆಗಿಲ್ಲ.

ಗುಡುಗು ಮಳೆಗೆ ಕರೆಂಟು ಹೋಯಿತು. ಯುಪಿಎಸ್ ಬ್ಯಾಟರಿ ಹಳತು, ತಡೆಯಲಿಲ್ಲ. ಮತ್ತೆ ಆನ್ ಮಾಡಿದರೆ ಎಮರ್ಜೆನ್ಸಿ ಮೋಡ್‌ಗೆ ಹೋಗಿ ನಿಂತಿದೆ. ಅರೇಗಳ ಸ್ಥಿತಿ ತೋರಿಸುವ ಎಂಡಿಸ್ಟ್ಯಾಟ್ ನೋಡಿದರೆ ಎಂಡಿ2 ಸರಿ ಇದೆ, ಮೂರೂ ಯು (ಡಿಸ್ಕ್ ಚಾಲೂ). ಎಂಡಿ1 ಇನ್‌ಆಕ್ಟಿವ್, ಮೂರು ಡಿಸ್ಕಿನ ಮುಂದೂ ಆವರಣದಲ್ಲಿ ಎಸ್ ಅಂತ ಇದೆ. ಎಂಡಿ0 ಸುದ್ದಿಯೇ ಇಲ್ಲ. ಪೇಟೆಯಲ್ಲಿ ಒಬ್ಬರು ನೋಡಿ, "ಕ್ರಿಯೇಟ್ ಕಮಾಂಡ್ ಕೊಟ್ಟು ಅರೇಯನ್ನು ಮತ್ತೆ ಮಾಡಿದರೆ ಎಲ್ಲಾ ವಾಪಸ್ ಬರುತ್ತದೆ" ಎಂದರು. ಮಾಡಲಾ?

ಘಟ್ಟದ ಮೇಲೆ:
ಬೇಡ. ಮೊದಲು ಕೈ ತೆಗೆಯಿರಿ ಮಾರಾಯರೆ.

ಕಾಳಿ ಸಂಗಮ:
ಕ್ರಿಯೇಟ್ ಬೇಡವೇ ಬೇಡ, ಕಾರಣ ಹೇಳುತ್ತೇನೆ. ರೇಡ್ 5ಕ್ಕೆ ಕ್ರಿಯೇಟ್ ಕೊಟ್ಟರೆ ಎಂಡಿಆಡಮ್ ಕೊನೆಯ ಡಿಸ್ಕನ್ನು ಸ್ಪೇರ್ (ಬದಲಿ ಡಿಸ್ಕ್) ಅಂತ ಇಟ್ಟುಕೊಂಡು ಅದರ ಮೇಲೆ ಪುನಃ ಬರೆಯಲು ಶುರು ಮಾಡುತ್ತದೆ. ಡಿಸ್ಕಿನ ಕ್ರಮ ಒಂದು ತಪ್ಪಿದರೂ ಒಳ್ಳೆಯ ಡೇಟಾದ ಮೇಲೆ ಕಸ ಬೀಳುತ್ತದೆ. ಅಸ್ಯೂಮ್-ಕ್ಲೀನ್ ಎಂಬ ಆಯ್ಕೆ ಹಾಕಿದರೆ ಬರೆಯುವುದು ತಪ್ಪುತ್ತದೆ, ಆದರೆ ಕ್ರಮ, ಚಂಕ್ (ಡೇಟಾ ತುಂಡು) ಗಾತ್ರ, ಲೇಔಟ್, ಡೇಟಾ ಆಫ್‌ಸೆಟ್ (ಡೇಟಾ ಶುರುವಾಗುವ ಜಾಗ) ಎಲ್ಲವೂ ಮೊದಲಿನ ಹಾಗೇ ಇರಬೇಕು. ಎಂಡಿಆಡಮ್‌ನ ಹಳೇ ಆವೃತ್ತಿಗೂ ಹೊಸದಕ್ಕೂ ಆಫ್‌ಸೆಟ್ ಬೇರೆ ಬೇರೆ. ಮೇಲಾಗಿ ಅರೇಯ ವಿವರ ಇರುವ ಹಳೇ ಸೂಪರ್‌ಬ್ಲಾಕ್ ಅಳಿದುಹೋಗುತ್ತದೆ. ಈಗ ನಿಮ್ಮ ಕೈಯಲ್ಲಿರುವ ಸಾಕ್ಷಿಯೇ ಅದು.

ಎಸ್ ನೋಡಿ ಗಾಬರಿ ಆಗಬೇಡಿ. ಅರೇ ಚಾಲೂ ಆಗದೆ ನಿಂತಾಗ ಎಲ್ಲಾ ಡಿಸ್ಕೂ ಸ್ಪೇರ್ ಎಂದೇ ಕಾಣುತ್ತವೆ. ಮೂರು ಡಿಸ್ಕಿಗೂ ಎಕ್ಸಾಮಿನ್ ಕೊಡಿ. ಈವೆಂಟ್ ಸಂಖ್ಯೆ (ಅರೇ ಬದಲಾದಂತೆ ಏರುವ ಎಣಿಕೆ), ಅಪ್‌ಡೇಟ್ ಟೈಮ್, ಡಿವೈಸ್ ರೋಲ್, ಅರೇ ಸ್ಟೇಟ್ ಇಷ್ಟನ್ನು ಹಾಕಿ. ಎಕ್ಸಾಮಿನ್ ಬರೀ ಓದುತ್ತದೆ, ಹೆದರಿಕೆ ಇಲ್ಲ. ಡಿಸ್ಕ್ ತನ್ನ ಆರೋಗ್ಯ ಹೇಳುವ ಸ್ಮಾರ್ಟ್ ವರದಿಯೂ ಬೇಕು. ಎಂಡಿ0, ಎಂಡಿ2 ಸದ್ಯ ಹಾಗೇ ಇರಲಿ.

ಶರಾವತಿ ದಂಡೆ:
ತಗೊಳ್ಳಿ.

ಎಸ್‌ಡಿಎ: ರೋಲ್ 0, ಈವೆಂಟ್ 41077, ಅಪ್‌ಡೇಟ್ ಫೆಬ್ರವರಿಯಲ್ಲಿ, ಸ್ಟೇಟ್ ಎಎಎ (ಎ ಅಂದರೆ ಡಿಸ್ಕ್ ಇದೆ, ಚುಕ್ಕಿ ಅಂದರೆ ಇಲ್ಲ).
ಎಸ್‌ಡಿಬಿ: ರೋಲ್ 1, ಈವೆಂಟ್ 48213, ಅಪ್‌ಡೇಟ್ ಈ ವಾರ, ಸ್ಟೇಟ್ ಚುಕ್ಕಿ ಎ ಚುಕ್ಕಿ.
ಎಸ್‌ಡಿಸಿ: ರೋಲ್ 2, ಈವೆಂಟ್ 48209, ಅಪ್‌ಡೇಟ್ ಈ ವಾರ, ಸ್ಟೇಟ್ ಚುಕ್ಕಿ ಎ ಎ.

ಸ್ಮಾರ್ಟ್‌ನಲ್ಲಿ ಬಿ ಪೂರ್ತಿ ಸ್ವಚ್ಛ. ಸಿಯಲ್ಲಿ ಪೆಂಡಿಂಗ್ (ಓದಲು ತೊಂದರೆ ಕೊಡುವ) ಸೆಕ್ಟರ್ 24. ಎ ವಿಚಿತ್ರವಾಗಿದೆ. ರೀಅಲೊಕೇಟೆಡ್ (ಬದಲಿ ಜಾಗಕ್ಕೆ ಸರಿಸಿದ ಸೆಕ್ಟರ್) 0, ಪೆಂಡಿಂಗ್ 0, ಆದರೆ ಯುಡಿಎಂಎ ಸಿಆರ್‌ಸಿ ಎರರ್ (ಡೇಟಾ ಸಾಗುವಾಗಿನ ತಪ್ಪು) ಸಾವಿರದ ಮೇಲೆ.

ಇನ್ನೊಂದು ವಿಷಯ. ಗೆಳೆಯ ಹೇಳುವ ಪ್ರಕಾರ ಅರೇ ಸರಿ ಇದೆಯಾ ಅಂತ ನೋಡಲು ಒಂದು ಸ್ಕ್ರಿಪ್ಟ್ ಇತ್ತು. ಅದು ದಿನಾ "ಎಂಡಿ0 ಕ್ಲೀನ್" ಎಂದೇ ಹೇಳುತ್ತಿತ್ತಂತೆ. ಹಾಗಾದರೆ ಫೆಬ್ರವರಿಯಲ್ಲಿ ಡಿಸ್ಕ್ ಹೋಗಿದ್ದು ಯಾಕೆ ಗೊತ್ತಾಗಲಿಲ್ಲ?

ಘಟ್ಟದ ಮೇಲೆ:
ಎಂಡಿ0 ಹೇಳಿದ್ದು ಸುಳ್ಳಲ್ಲ. ಅದಕ್ಕೆ ಗೊತ್ತಿರುವುದು ಎರಡೇ ಡಿವೈಸ್, ಎಂಡಿ1 ಮತ್ತು ಎಂಡಿ2. ಎಂಡಿ1ರಲ್ಲಿ ಒಂದು ಡಿಸ್ಕ್ ಹೋದರೂ ಅದು ಪ್ಯಾರಿಟಿಯಿಂದ (ಕಳೆದದ್ದನ್ನು ತೆಗೆಯಲು ಡಿಸ್ಕುಗಳಲ್ಲಿ ಹಂಚಿಟ್ಟ ಹೆಚ್ಚುವರಿ ಮಾಹಿತಿ) ಲೆಕ್ಕ ಹಾಕಿ ಡೇಟಾ ಕೊಡುತ್ತಲೇ ಇತ್ತು. ಮಾಳಿಗೆ ಮೇಲೆ ನಿಂತವನಿಗೆ ಕೆಳಗಿನ ಕಂಬಕ್ಕೆ ಒರಲೆ ಹತ್ತಿದ್ದು ಕಾಣುವುದಿಲ್ಲ, ಅಲ್ವಾ? ರೇಡ್ 0ಗೆ ಡಿಗ್ರೇಡೆಡ್ (ಡಿಸ್ಕ್ ಕಮ್ಮಿಯಾದರೂ ನಡೆಯುವುದು) ಎಂಬ ಸ್ಥಿತಿಯೇ ಇಲ್ಲ. ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಒಂದರ ಮೇಲೊಂದು ಅರೇ ಕಟ್ಟಿದ ಮೇಲೆ ಕಾವಲು ಕೆಳಗಿನದ್ದಕ್ಕೆ ಇರಬೇಕು. ಎಂಡಿಆಡಮ್ ಮಾನಿಟರ್‌ಗೆ ಒಂದು ಇಮೇಲ್ ವಿಳಾಸ ಬರೆದಿಟ್ಟಿದ್ದರೆ ಫೆಬ್ರವರಿಯಲ್ಲೇ ಪತ್ರ ಬರುತ್ತಿತ್ತು.

ಎಸ್‌ಡಿಎ ಸ್ಟೇಟ್ ಎಎಎ ಅಂತ ಇರುವುದೂ ಅದೇ ಕಥೆ. ತನ್ನನ್ನು ಹೊರಹಾಕಿದ್ದು ಆ ಡಿಸ್ಕಿಗೆ ಯಾರೂ ಬರೆದು ತಿಳಿಸಿಲ್ಲ. ಅದರ ಲೆಕ್ಕದಲ್ಲಿ ಇನ್ನೂ ಎಲ್ಲರೂ ಇದ್ದಾರೆ.

ಅಘನಾಶಿನಿ:
ನಾನು ಕುಮಟಾದಲ್ಲಿ ಡಿಪ್ಲೊಮಾ ಓದುತ್ತಿದ್ದೇನೆ, ಕೇಳಿದ್ದು ದಡ್ಡ ಪ್ರಶ್ನೆ ಆದರೆ ಕ್ಷಮಿಸಿ. ಎಸ್‌ಡಿಎಯಲ್ಲಿ ಒಂದೂ ಕೆಟ್ಟ ಸೆಕ್ಟರ್ ಇಲ್ಲ. ಸಿಯಲ್ಲಿ 24 ಇವೆ. ಹಾಗಿದ್ದರೆ ಎ ಮತ್ತು ಬಿ ಸೇರಿಸಿ ಫೋರ್ಸ್ ಕೊಟ್ಟು ಎಬ್ಬಿಸಬಹುದಲ್ವಾ? ಮೂರರಲ್ಲಿ ಎರಡು ಸಾಕು.

ಕಾಳಿ ಸಂಗಮ:
ದಡ್ಡ ಪ್ರಶ್ನೆ ಅಲ್ಲ ತಮ್ಮ. ಜಾಸ್ತಿ ಜನ ಕೆಡುವುದು ಇಲ್ಲೇ. ಅರೇ ಎದ್ದೇನೋ ಏಳುತ್ತದೆ. ಆದರೆ ಎಯಲ್ಲಿರುವುದು ಫೆಬ್ರವರಿಯ ಡೇಟಾ, ಬಿಯಲ್ಲಿರುವುದು ಈ ವಾರದ್ದು. ಸಿಯ ಜಾಗವನ್ನು ಈ ಎರಡರ ಎಕ್ಸ್‌ಆರ್ (ಬಿಟ್‌ಗಳನ್ನು ಹೋಲಿಸುವ ಲೆಕ್ಕ) ಮಾಡಿ ತುಂಬಬೇಕು. ಫೆಬ್ರವರಿ ನಂತರ ಬರೆದ ಪ್ರತಿ ಜಾಗದಲ್ಲೂ ಉತ್ತರ ತಪ್ಪು. ಫೈಲ್‌ಸಿಸ್ಟಮ್‌ನ ಪಟ್ಟಿಗಳೂ ಅದರಲ್ಲೇ ಇರುತ್ತವೆ. ಆಮೇಲೆ ಫೈಲ್‌ಸಿಸ್ಟಮ್ ತಪಾಸಣೆಯ ಎಫ್‌ಎಸ್‌ಸಿಕೆ ಓಡಿಸಿದರೆ ಅದು "ರಿಪೇರಿ" ಮಾಡುತ್ತಾ ಉಳಿದದ್ದನ್ನೂ ಹಾಳು ಮಾಡುತ್ತದೆ.

ಸಿಯ ಈವೆಂಟ್ ಬಿಗಿಂತ 4 ಮಾತ್ರ ಹಿಂದೆ. ಅಂದರೆ ಅದು ಬಿದ್ದಿದ್ದು ಕೊನೆಯ ಗಳಿಗೆಯಲ್ಲಿ. ಅದು ಬಿದ್ದ ಕ್ಷಣಕ್ಕೆ ಎಂಡಿ1 ನಿಂತಿತು, ಆಮೇಲೆ ಅಲ್ಲಿ ಫೈಲ್ ಬರೆಯಲು ಆಗಿಲ್ಲ. 24 ಕೆಟ್ಟ ಸೆಕ್ಟರ್ ಇದ್ದರೂ ನಮಗೆ ಬೇಕಾದ್ದು ಸಿ. ಎ ಎಷ್ಟೇ ಗಟ್ಟಿ ಇದ್ದರೂ ಸದ್ಯಕ್ಕೆ ತೆಗೆದು ಪಕ್ಕಕ್ಕಿಡಿ. ಅಳಿಸಬೇಡಿ ಮಾತ್ರ.

ಎಂಡಿ0 ಸೂಪರ್‌ಬ್ಲಾಕ್ ಎಂಡಿ1ರ ಒಳಗೇ ಇದೆ. ಎಂಡಿ1 ಎದ್ದರೆ ಎಂಡಿ0 ತಾನಾಗಿ ಸಿಗುತ್ತದೆ. ಅದನ್ನು ಮೊದಲೇ ಎಬ್ಬಿಸಲು ಹೋಗುವುದು ಸುಮ್ನೆ ದಂಡ.

ಅಘನಾಶಿನಿ:
ಎಂಡಿ2 ಪೂರ್ತಿ ಸರಿ ಇದೆಯಲ್ಲ, ಅರ್ಧ ಫೈಲುಗಳಾದರೂ ಅದರಿಂದ ಸಿಗುವುದಿಲ್ವಾ?

ಘಟ್ಟದ ಮೇಲೆ:
ಇಲ್ಲ. ಚಂಕ್ ಡಿಫಾಲ್ಟ್ 512 ಕಿಲೋಬೈಟ್. ಒಂದು ಚಂಕ್ ಎಂಡಿ1ಕ್ಕೆ, ಮುಂದಿನದು ಎಂಡಿ2ಕ್ಕೆ. ಸಿಗುವುದು ಅರ್ಧ ಸಂಖ್ಯೆಯ ಫೈಲುಗಳಲ್ಲ, ಪ್ರತಿ ಫೈಲಿನ ಅರ್ಧ. ಮದುವೆ ವಿಡಿಯೋದಲ್ಲಿ ಅರ್ಧ ಮೆಗಾಬೈಟಿಗೊಮ್ಮೆ ತೂತು.

ಶರಾವತಿ ದಂಡೆ:
ಅರ್ಥವಾಯಿತು. ಸಿಸ್ಟಮ್ ಜರ್ನಲ್‌ನಲ್ಲಿ (ದಾಖಲೆ) ನೋಡಿದೆ. ಕರೆಂಟು ಹೋಗುವ ಮೊದಲೇ ಸಿ ಬಿದ್ದಿತ್ತು. ಲಿಂಕ್ ರೀಸೆಟ್ ಅಂತ ಸಾಲು ಸಾಲು ಬಂದು, ಕೊನೆಗೆ ರೈಟ್ ಎರರ್, ಡಿಸ್ಕ್ ಹೊರಗೆ. ಮುಂದೆ ಏನು? ಹೊಸ ಡಿಸ್ಕ್ ಇಲ್ಲಿ ಸಿಕ್ಕುವುದಿಲ್ಲ, ಹುಬ್ಬಳ್ಳಿಯಿಂದ ತರಿಸಬೇಕು.

ಘಟ್ಟದ ಮೇಲೆ:
ಆ ಸಾಲುಗಳ ಅರ್ಥ ಇಷ್ಟು. ಸಾದಾ ಡೆಸ್ಕ್‌ಟಾಪ್ ಡಿಸ್ಕ್ ಕೆಟ್ಟ ಸೆಕ್ಟರ್ ಸಿಕ್ಕಿದರೆ ಒಂದೆರಡು ನಿಮಿಷವಾದರೂ ಬಿಡದೆ ಓದಲು ನೋಡುತ್ತದೆ. ಲಿನಕ್ಸ್ ಕರ್ನಲ್ 30 ಸೆಕೆಂಡಿಗೆ ತಾಳ್ಮೆ ಕಳೆದುಕೊಂಡು ಲಿಂಕ್ ರೀಸೆಟ್ ಮಾಡುತ್ತದೆ. ಡಿಸ್ಕ್ ಉತ್ತರ ಕೊಡದಿದ್ದರೆ ಹೊರಗೆ ಹಾಕುತ್ತದೆ. ಕೆಲವು ಸೆಕ್ಟರ್‌ಗೋಸ್ಕರ ಇಡೀ ಡಿಸ್ಕ್ ಹೋಯಿತು. ನ್ಯಾಸ್‌ಗೆಂದೇ (ನೆಟ್‌ವರ್ಕ್ ಸಂಗ್ರಹ ಪೆಟ್ಟಿಗೆ) ಮಾಡಿದ ಡಿಸ್ಕಿನಲ್ಲಿ ಎಸ್‌ಸಿಟಿ ಇಆರ್‌ಸಿ ಎಂಬ ಸಮಯ ಮಿತಿ ಇರುತ್ತದೆ, 7 ಸೆಕೆಂಡಿಗೆ "ಆಗಲಿಲ್ಲ" ಎಂದು ಒಪ್ಪಿಕೊಳ್ಳುತ್ತದೆ. ಅದಿಲ್ಲದ ಡಿಸ್ಕಿಗೆ ಕರ್ನಲ್ ಟೈಮ್‌ಔಟನ್ನೇ 180 ಸೆಕೆಂಡಿಗೆ ಏರಿಸಬೇಕು. ನಕಲು ಮಾಡುವ ಮೊದಲೂ ಇದನ್ನು ಏರಿಸಿ.

ಡಿಸ್ಕ್ ನನ್ನ ಹತ್ತಿರ ಇದೆ. 4 ಟಿಬಿಯದ್ದು ಒಂದು ಹೊಸದು, 12 ಟಿಬಿ ಯುಎಸ್‌ಬಿ ಒಂದು. ಸಿರ್ಸಿಯಿಂದ ಕುಮಟಾ ಬಸ್ಸಿಗೆ ಕೊಟ್ಟು ಕಳಿಸುತ್ತೇನೆ. ಮಳೆಗೆ ದೇವಿಮನೆ ಘಟ್ಟದಲ್ಲಿ ತಡವಾದೀತು, ಸಂಜೆಯವರೆಗೆ ಕಾಯಿರಿ.

ಅಘನಾಶಿನಿ:
ಕುಮಟಾ ಸ್ಟ್ಯಾಂಡಿನಲ್ಲಿ ನಾನೇ ಇಳಿಸಿಕೊಂಡು ಹೊನ್ನಾವರಕ್ಕೆ ತಂದುಕೊಡುತ್ತೇನೆ ಅಣ್ಣ. ಕೆಲಸ ನೋಡಲು ಬಿಟ್ಟರೆ ಸಾಕು.

ಕಾಳಿ ಸಂಗಮ:
ಒಳ್ಳೇದಾಯ್ತು. ಹಾಗಾದರೆ ಕ್ರಮ ಹೇಳುತ್ತೇನೆ.

ಎಂಡಿ1 ಸ್ಟಾಪ್ ಮಾಡಿ. ಸಿಯಿಂದ ಹೊಸ 4 ಟಿಬಿಗೆ ಡಿಡಿರೆಸ್ಕ್ಯೂನಲ್ಲಿ (ಕೆಟ್ಟ ಡಿಸ್ಕಿನಿಂದ ಡೇಟಾ ತೆಗೆಯುವ ತಂತ್ರಾಂಶ) ನಕಲು. ಯಾವುದು ಮೂಲ, ಯಾವುದು ಹೊಸದು ಅಂತ ಸೀರಿಯಲ್ ನಂಬರ್ ನೋಡಿಯೇ ಕಮಾಂಡ್ ಬರೆಯಿರಿ. ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರು ಮುಂದಿನ ಬೂಟಿಗೆ ಅದಲುಬದಲಾದೀತು. ಬೈ-ಐಡಿ ದಾರಿಯಲ್ಲಿ ಸೀರಿಯಲ್ ನಂಬರೇ ಇರುತ್ತದೆ, ಅದನ್ನು ಬಳಸಿ. ಎಲ್ಲಿಯವರೆಗೆ ನಕಲಾಯಿತು ಅಂತ ಬರೆದಿಡುವ ಮ್ಯಾಪ್‌ಫೈಲ್ ಎಸ್‌ಎಸ್‌ಡಿಯಲ್ಲಿರಲಿ. ಅದಿದ್ದರೆ ನಡುವೆ ಕರೆಂಟು ಹೋದರೂ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಮೊದಲ ಸುತ್ತಿನಲ್ಲಿ ಕೆಟ್ಟ ಜಾಗ ಕೆರೆಯಬೇಡಿ, ಸಲೀಸಾಗಿ ಬರುವುದೆಲ್ಲಾ ಬರಲಿ. ಸೆಕೆಂಡಿಗೆ 150 ಮೆಗಾಬೈಟ್ ಬಂದರೆ ಏಳೆಂಟು ಗಂಟೆ. ಉಳಿದ ಜಾಗಕ್ಕೆ ಎರಡನೇ ಸುತ್ತಿನಲ್ಲಿ ಡೈರೆಕ್ಟ್ ಮೋಡ್, ಮೂರು ಮರುಪ್ರಯತ್ನ.

ಮುಗಿದ ಮೇಲೆ ಮೂಲ ಸಿ ತೆಗೆದಿಡಿ. ಒಂದೇ ಯುಯುಐಡಿಯ (ಗುರುತು ಸಂಖ್ಯೆ) ಎರಡು ಡಿಸ್ಕ್ ಒಟ್ಟಿಗೆ ಇದ್ದರೆ ಎಂಡಿಆಡಮ್ ಯಾವುದನ್ನು ಎತ್ತಿಕೊಳ್ಳುತ್ತದೆ ಅಂತ ಹೇಳಲಾಗದು.

ಆಮೇಲೆ ಬಿ, ನಕಲು ಸಿ ಮತ್ತು ಎಂಡಿ2ರ ಮೂರು, ಈ ಐದರ ಮೇಲೂ ಓವರ್‌ಲೇ. ಪ್ರತಿ ಡಿಸ್ಕಿಗೆ ಒಂದು ಖಾಲಿ ಸ್ಪಾರ್ಸ್ ಫೈಲ್, ಡಿವೈಸ್-ಮ್ಯಾಪರ್‌ನ ಸ್ನ್ಯಾಪ್‌ಶಾಟ್. ಬರೆಯುವುದೆಲ್ಲಾ ಆ ಫೈಲಿಗೆ ಹೋಗುತ್ತದೆ, ಡಿಸ್ಕ್ ಹಾಗೇ ಇರುತ್ತದೆ. ಫೋರ್ಸ್ ಕೊಟ್ಟಾಗ ಎಂಡಿಆಡಮ್ ಈವೆಂಟ್ ಸಂಖ್ಯೆ ತಿದ್ದುತ್ತದೆ. ಆ ತಿದ್ದುಪಡಿ ಓವರ್‌ಲೇಯಲ್ಲೇ ಆಗಲಿ. ಓವರ್‌ಲೇ ಹಾಕಿದ ಬಿ, ಸಿಗಳಿಂದ ಎಂಡಿ1 ಅಸೆಂಬಲ್ (ಜೋಡಣೆ), ಫೋರ್ಸ್ ಜೊತೆಗೆ. ಎಂಡಿ2, ಎಂಡಿ0ಗೆ ಬರೀ ಅಸೆಂಬಲ್, ಫೋರ್ಸ್ ಬೇಡ. ಎಫ್‌ಎಸ್‌ಸಿಕೆ ಎನ್ ಹಾಕಿ, ನೋಡಲು ಮಾತ್ರ. ಮೌಂಟ್ ರೀಡ್-ಓನ್ಲಿ ಮತ್ತು ನೋಲೋಡ್, ಫೈಲ್‌ಸಿಸ್ಟಮ್‌ನ ಜರ್ನಲ್ (ಬಾಕಿ ಬರಹದ ಪಟ್ಟಿ) ಓಡುವುದು ಬೇಡ.

ಶರಾವತಿ ದಂಡೆ:
ಡಿಸ್ಕ್ ಕೈಸೇರಿತು, ನಕಲು ಮುಗಿಯಿತು. ಓದಲಾಗದೆ ಉಳಿದದ್ದು 40 ಕಿಲೋಬೈಟ್, ಅಷ್ಟೇ. ಎಂಡಿ1 ಎದ್ದಿತು, ಒಂದು ಗೆರೆ ಎರಡು ಯು. ಎಂಡಿ0 ಕೂಡ ಬಂತು. ಎಫ್‌ಎಸ್‌ಸಿಕೆ ಜರ್ನಲ್ ಬಾಕಿ ಇದೆ ಎಂದಿತು, ಬೇರೆ ದೊಡ್ಡ ದೂರು ಇಲ್ಲ. ಮೌಂಟ್ ಆಗಿದೆ, ಫೋಲ್ಡರ್‌ಗಳೆಲ್ಲಾ ಕಾಣುತ್ತಿವೆ! 12 ಟಿಬಿ ಡಿಸ್ಕಿಗೆ ಕಾಪಿ ಹಾಕಿದ್ದೇನೆ. ಗೆಳೆಯ ಸ್ಟುಡಿಯೋದಲ್ಲೇ ಚಾಪೆ ಹಾಸಿಕೊಂಡಿದ್ದಾನೆ.

ಅಘನಾಶಿನಿ:
ಆ 40 ಕಿಲೋಬೈಟ್ ಯಾವ ಫೈಲಿನದ್ದು ಅಂತ ಹುಡುಕಬಹುದಾ? ಡಿಡಿರೆಸ್ಕ್ಯೂ ಕೈಪಿಡಿಯಲ್ಲಿ ಫಿಲ್ ಮೋಡ್ ಅಂತ ಓದಿದೆ. ಕೆಟ್ಟ ಸೆಕ್ಟರ್‌ಗಳಲ್ಲಿ ಒಂದು ಗುರುತಿನ ಪದ ಬರೆದು, ಆಮೇಲೆ ಎಲ್ಲಾ ಫೈಲಿನಲ್ಲಿ ಆ ಪದವನ್ನು ಗ್ರೆಪ್ ಮಾಡುವುದು (ಹುಡುಕುವುದು). ಭಾರಿ ಚಂದ ಉಪಾಯ ಅನಿಸಿತು.

ಘಟ್ಟದ ಮೇಲೆ:
ಒಂಟಿ ಡಿಸ್ಕಿಗೆ ಚಂದವೇ. ಇಲ್ಲಿ ಅರ್ಧ ಮಾತ್ರ ಸಿಗುತ್ತದೆ ಮಾಣಿ. ಲೆಕ್ಕ ಹಾಕಿ ನೋಡು. ಎಂಡಿ1ರಲ್ಲಿ ಎ ಇಲ್ಲ. ಎಯಲ್ಲಿ ಇರಬೇಕಾದ್ದನ್ನು ಬಿ ಮತ್ತು ಸಿಯ ಎಕ್ಸ್‌ಆರ್‌ನಿಂದ ತೆಗೆಯುತ್ತಿದ್ದೇವೆ. ಪ್ರತಿ ಸಾಲಿನಲ್ಲಿ ಎರಡು ಡೇಟಾ, ಒಂದು ಪ್ಯಾರಿಟಿ, ಪ್ಯಾರಿಟಿ ಜಾಗ ಸರದಿ ಪ್ರಕಾರ ಬದಲಾಗುತ್ತಾ ಹೋಗುತ್ತದೆ.

ಸಿಯ ಕೆಟ್ಟ ಸೆಕ್ಟರ್ ಇರುವ ಸಾಲಿನಲ್ಲಿ ಪ್ಯಾರಿಟಿ ಎಯಲ್ಲಿದ್ದರೆ ಹೋದದ್ದು ಸಿಯ ಡೇಟಾ ಮಾತ್ರ, ನಿನ್ನ ಪದ ಕಾಣುತ್ತದೆ. ಪ್ಯಾರಿಟಿ ಬಿಯಲ್ಲಿದ್ದರೆ ಸಿಯ ಡೇಟಾವೂ ಹೋಯಿತು, ಎಯ ಡೇಟಾವೂ ಹೋಯಿತು. ಸಿಯಲ್ಲಿ ಪದ ಕಾಣುತ್ತದೆ, ಎಯಲ್ಲಿ ಆ ಪದ ಬಿ ಜೊತೆ ಎಕ್ಸ್‌ಆರ್ ಆಗಿ ಗುರುತು ಸಿಗದ ಕಸ. ಪ್ಯಾರಿಟಿ ಸಿಯಲ್ಲೇ ಇದ್ದರೆ ಎಯ ಡೇಟಾ ಕಸ, ಪದ ಎಲ್ಲೂ ಇಲ್ಲ. ಗ್ರೆಪ್ "ಏನೂ ಸಿಗಲಿಲ್ಲ" ಎನ್ನುತ್ತದೆ, ಫೈಲ್ ಮಾತ್ರ ಹಾಳಾಗಿರುತ್ತದೆ.

ಕಾಳಿ ಸಂಗಮ:
ಇದು ನನಗೆ ಹೊಳೆದಿರಲಿಲ್ಲ. ಆದರೆ ಫಿಲ್ ಮೋಡ್ ಬಿಡಬೇಕಿಲ್ಲ, ಬೇರೆ ರೀತಿ ಬಳಸಬಹುದು. ಡಿಡಿರೆಸ್ಕ್ಯೂ ಓದಲಾಗದ ಜಾಗವನ್ನು ಮುಟ್ಟುವುದಿಲ್ಲ, ಹೊಸ ಡಿಸ್ಕ್ ಆದ್ದರಿಂದ ಅಲ್ಲಿ ಸೊನ್ನೆಗಳಿವೆ. ಈಗ ಆಗುತ್ತಿರುವ ಕಾಪಿ ಸೊನ್ನೆ ತುಂಬಿದ ಲೆಕ್ಕದ್ದು. ಅದು ಮುಗಿಯಲಿ. ಆಮೇಲೆ ಎಂಡಿ0, ಎಂಡಿ1 ನಿಲ್ಲಿಸಿ, ನಕಲು ಸಿಯ ಆ 40 ಕಿಲೋಬೈಟ್‌ನಲ್ಲಿ ಬೇರೆ ಏನಾದರೂ ತುಂಬಿ. ಮತ್ತೆ ಎಬ್ಬಿಸಿ, ಫೈಲ್ ನಕಲಿಸುವ ಆರ್‌ಸಿಂಕ್‌ಗೆ ಚೆಕ್‌ಸಮ್ ಮತ್ತು ಡ್ರೈ-ರನ್ (ಏನೂ ಬರೆಯದೆ ವ್ಯತ್ಯಾಸ ಮಾತ್ರ ತೋರಿಸುವುದು) ಹಾಕಿ ಕಾಪಿಯ ಜೊತೆ ಹೋಲಿಸಿ. ಕೆಟ್ಟ ಸೆಕ್ಟರ್ ಮುಟ್ಟಿದ ಬೈಟ್ ಯಾವ ಡಿಸ್ಕಿನ ಪಾಲಿನದಾದರೂ ತುಂಬಿದ್ದು ಬದಲಾದರೆ ಅದೂ ಬದಲಾಗಲೇಬೇಕು. ಆರ್‌ಸಿಂಕ್ ತೋರಿಸುವ ಪಟ್ಟಿಯೇ ಹಾಳಾದ ಫೈಲುಗಳ ಪಟ್ಟಿ.

ಘಟ್ಟದ ಮೇಲೆ:
ಹೌದು, ಇದು ಸರಿ. ಎರಡು ಎಚ್ಚರಿಕೆ. ಫಿಲ್ ಮೋಡ್ ಓಡಿಸುವಾಗ ಮ್ಯಾಪ್‌ಫೈಲಿನ ಪ್ರತಿ ಇಟ್ಟುಕೊಂಡು ಪ್ರತಿಯನ್ನೇ ಕೊಡಿ, ಅದು ಗುರುತುಗಳನ್ನು ತಿದ್ದುತ್ತದೆ. ಮತ್ತೆ ತುಂಬುವ ಮೊದಲು ಓವರ್‌ಲೇ ಬಿಚ್ಚಿ. ಕೆಳಗಿನ ಡಿಸ್ಕ್ ಬದಲಾದ ಮೇಲೆ ಹಳೇ ಓವರ್‌ಲೇ ಇಟ್ಟರೆ ಅರ್ಥ ಇಲ್ಲ, ಹೊಸದು ಹಾಕಿ.

ಶರಾವತಿ ದಂಡೆ:
ಮಾಡಿದೆವು. ಮಾಣಿಯೇ ಕೀಬೋರ್ಡಿನಲ್ಲಿ ಕೂತಿದ್ದ. ಪಟ್ಟಿಯಲ್ಲಿ ಬಂದದ್ದು ಎರಡು ಫೈಲ್. ಒಂದು ಮದುವೆಯ ಕಚ್ಚಾ ಕ್ಲಿಪ್, ಎಡಿಟ್ ಮಾಡಿದ್ದು ಬೇರೆ ಇದೆ. ಇನ್ನೊಂದು ಯಕ್ಷಗಾನದ ರೆಕಾರ್ಡಿಂಗ್. ಓಡಿಸಿ ನೋಡಿದರೆ ಒಡ್ಡೋಲಗದ ಮಧ್ಯೆ ಒಂದು ಕ್ಷಣ ಚೌಕ ಚೌಕ ಕಾಣುತ್ತದೆ, ಚೆಂಡೆ ಶಬ್ದ ಸಮೇತ ಮುಂದೆ ಸರಿ ಇದೆ. ಗೆಳೆಯ ಇದನ್ನು ನಷ್ಟ ಅಂತಲೇ ಎಣಿಸುತ್ತಿಲ್ಲ.

ಈಗ ಎಂಡಿ1ಕ್ಕೆ ಹೊಸ ಡಿಸ್ಕ್ ಆಡ್ ಮಾಡಿ ಮೊದಲಿನ ಹಾಗೇ ನಡೆಸಲಾ?

ಘಟ್ಟದ ಮೇಲೆ:
ಡೇಟಾ ಹೊರಗೆ ಬಂದಿದೆಯಲ್ಲ, ಇದೇ ಸಮಯ. ಈ ಕಟ್ಟಡವನ್ನೇ ಕೆಡವಿ. ಆರು ಡಿಸ್ಕಿನ ರೇಡ್ 50ರಲ್ಲಿ ಸಿಗುವ ಜಾಗ 16 ಟಿಬಿ. ಆರನ್ನೂ ಒಂದೇ ರೇಡ್ 6 ಮಾಡಿದರೂ 16 ಟಿಬಿಯೇ. ಆದರೆ ಆರರಲ್ಲಿ ಎರಡು ಡಿಸ್ಕ್ ಹೋಗುವ ಜೋಡಿಗಳು 15. ರೇಡ್ 50ರಲ್ಲಿ ಅವುಗಳಲ್ಲಿ 6 ಜೋಡಿ ಒಂದೇ ಗುಂಪಿನವು, ಅಂದರೆ ಎಲ್ಲಾ ಮುಗಿಯಿತು. ರೇಡ್ 6ರಲ್ಲಿ ಯಾವ ಜೋಡಿ ಹೋದರೂ ಅರೇ ನಿಲ್ಲುತ್ತದೆ. ಎ ಮತ್ತು ಸಿ ಹೋದ ನಿಮ್ಮ ಕೇಸೂ ಅದರಲ್ಲಿ ಸುದ್ದಿಯೇ ಆಗುತ್ತಿರಲಿಲ್ಲ.

ಕಾಳಿ ಸಂಗಮ:
ರೇಡ್ 6ರಲ್ಲಿ ಸಣ್ಣ ಸಣ್ಣ ಬರಹ ನಿಧಾನ. ಪ್ರತಿ ತುಂಡನ್ನೂ ಎರಡೆರಡು ಡಿಸ್ಕಿನಲ್ಲಿಡುವ ರೇಡ್ 10 ಒಳ್ಳೆಯದಲ್ವಾ? ಅದನ್ನೂ ಎಂಡಿಆಡಮ್‌ನಲ್ಲಿ ಒಂದೇ ಅರೇ ಆಗಿ ಮಾಡಬಹುದು, ಮೇಲೆ ಕೆಳಗೆ ಅಂತ ಇಲ್ಲ.

ಘಟ್ಟದ ಮೇಲೆ:
ಡೇಟಾಬೇಸ್ ಆಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಇಲ್ಲಿ ಉದ್ದುದ್ದ ವಿಡಿಯೋ, ರೇಡ್ 6 ಸಾಕು. ರೇಡ್ 10ರಲ್ಲಿ ಜಾಗ 12 ಟಿಬಿಗೆ ಇಳಿಯುತ್ತದೆ, ಆಗಲೂ 15ರಲ್ಲಿ 3 ಜೋಡಿ ಮಾರಕ.

ಶರಾವತಿ ದಂಡೆ:
ರೇಡ್ 6 ಎಂದೇ ಗೆಳೆಯನೂ ಹೇಳಿದ. ಇಮೇಲ್ ಹಾಕಿದ್ದೇವೆ, ಟೆಸ್ಟ್ ಪತ್ರ ಬಂತು. ತಿಂಗಳ ಮೊದಲ ಭಾನುವಾರದ ಚೆಕ್ ಡೆಬಿಯನ್ ತಾನೇ ಮಾಡುತ್ತದೆ, ಅದು ಆನ್ ಇದೆ. 180 ಸೆಕೆಂಡಿನ ಟೈಮ್‌ಔಟ್ ಬೂಟ್‌ನಲ್ಲೇ ಕೂರುವ ಹಾಗೆ ಮಾಡಿದೆವು. ಘಟ್ಟದ ಅಣ್ಣಾ, 12 ಟಿಬಿ ಡಿಸ್ಕ್ ಯಾವಾಗ ವಾಪಸ್ ಕಳಿಸಲಿ?

ಘಟ್ಟದ ಮೇಲೆ:
ಕಳಿಸಬೇಡಿ. ದುಡ್ಡು ಕಳಿಸಿ. ಆ ಡಿಸ್ಕ್ ಸ್ಟುಡಿಯೋದಿಂದ ದೂರ, ಯಾರದ್ದಾದರೂ ಮನೆಯಲ್ಲಿ ಬ್ಯಾಕಪ್ ಆಗಿ ಇರಲಿ. ರೇಡ್ 6 ಆದ ಮಾತ್ರಕ್ಕೆ ತಪ್ಪಿ ಡಿಲೀಟ್ ಮಾಡಿದ ಫೋಲ್ಡರ್ ವಾಪಸ್ ಬರುವುದಿಲ್ಲ.

ಅಘನಾಶಿನಿ:
ಒಂದು ಉಳಿಯಿತು. ಆರು ಡಿಸ್ಕಿನ ಲೆಕ್ಕದಲ್ಲಿ ಹಳೇ ಎಸ್‌ಡಿಎ ಕೂಡ ಸೇರಿಸಿದ್ದೇವೆ. ಸಿಆರ್‌ಸಿ ಎರರ್ ಅಷ್ಟೊಂದು ಇದ್ದ ಡಿಸ್ಕ್ ನಂಬಬಹುದಾ?

ಕಾಳಿ ಸಂಗಮ:
ಸಿಆರ್‌ಸಿ ಎರರ್ ತಟ್ಟೆಯ ದೋಷ ಅಲ್ಲ, ಡಿಸ್ಕಿಗೂ ಬೋರ್ಡಿಗೂ ನಡುವಿನ ದಾರಿಯದ್ದು. ಕೇಬಲ್ ತೆಗೆದಾಗ ಕನೆಕ್ಟರ್ ನೋಡಿದಿರಾ?

ಅಘನಾಶಿನಿ:
ನೋಡಿದೆ. ಡಿಸ್ಕ್ ಕಡೆಯ ತುದಿ ಹಸಿರುಗಟ್ಟಿತ್ತು. ಸರ್ವರ್ ಇದ್ದದ್ದು ಕಿಟಕಿ ಪಕ್ಕ, ಸಮುದ್ರದ ಗಾಳಿ ನೇರ ಬರುತ್ತದೆ. ಉಳಿದ ಕೇಬಲ್‌ಗಳೂ ಅಷ್ಟಕ್ಕಷ್ಟೇ.

ಕಾಳಿ ಸಂಗಮ:
ಕಾರವಾರದಲ್ಲೂ ಇದೇ ಗೋಳು. ಉಪ್ಪು ಗಾಳಿ, ಮಳೆಗಾಲದ ತೇವ ಎರಡೂ ಸೇರಿದರೆ ಕನೆಕ್ಟರ್ ಬಾಳುವುದಿಲ್ಲ. ಆರೂ ಕೇಬಲ್ ಬದಲಿಸಿ, ಡಿಸ್ಕಿನ ಕನೆಕ್ಟರ್‌ಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಪೂರ್ತಿ ಒಣಗಿಸಿ, ಸರ್ವರ್ ಕಿಟಕಿಯಿಂದ ಸರಿಸಿ. ಎಸ್‌ಡಿಎಗೆ ಸ್ಮಾರ್ಟ್ ಲಾಂಗ್ ಟೆಸ್ಟ್ ಓಡಿಸಿ, ಪಾಸಾದರೆ ಹಳೇ ಸೂಪರ್‌ಬ್ಲಾಕ್ ಅಳಿಸಿ ಸೇರಿಸಿಕೊಳ್ಳಿ. ಈಗಿನ ಸಿಆರ್‌ಸಿ ಸಂಖ್ಯೆ ಬರೆದಿಟ್ಟುಕೊ. ಆ ಎಣಿಕೆ ಯಾವತ್ತೂ ಇಳಿಯುವುದಿಲ್ಲ, ಏರದಿದ್ದರೆ ಆಯಿತು.

ಅಘನಾಶಿನಿ:
ಬರೆದಿಟ್ಟೆ, 1184. ಲಾಂಗ್ ಟೆಸ್ಟ್ ಪಾಸ್. ರೇಡ್ 6 ಸಿಂಕ್ ನಡೆಯುತ್ತಿದೆ, ಸಂಖ್ಯೆ ಇನ್ನೂ 1184ರಲ್ಲೇ ಇದೆ.